ಜರ್ಮನಿ ಒಂದಾಯ್ತು ಸರಿ, ಜನ ಒಂದಾದ್ರಾ?

ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುವುದು ನನ್ನ ಕೆಲಸ. ಜರ್ಮನಿಯ ಏಕೀಕರಣದ ಪಾಠ ಮುಗಿಸಿದ ದಿನ ಪ್ರತಿ ವರ್ಷವೂ ಯಾರಾದರೊಬ್ಬರು ಕೈ ಎತ್ತುತ್ತಾರೆ. "ಮೇಡಂ, 1871ರಲ್ಲಿ ದೇಶ ಒಂದಾಯ್ತು. ಆಮೇಲೆ ಜನ ಒಂದಾದ್ರಾ?" ಬೇರೆಬೇರೆ ಜರ್ಮನ್ ರಾಜ್ಯಗಳನ್ನು ಒಂದು ಮಾಡಿದ, ಉತ್ತರದ ದೊಡ್ಡ ರಾಜ್ಯ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್, ಯುದ್ಧದಿಂದಲೇ ಕೆಲಸ ಸಾಧಿಸುವ ಅವನ 'ರಕ್ತ ಮತ್ತು ಕಬ್ಬಿಣ' ನೀತಿ, ಮೂರು ಯುದ್ಧ, ಚಕ್ರವರ್ತಿಯ ಪಟ್ಟ. ಪಾಠ ಅಲ್ಲಿಗೇ ನಿಂತುಬಿಡುತ್ತದೆ. ಮನೆಗೆ ಬಂದ ನೆಂಟರು ಅದನ್ನೇ ಬೇರೆ ಥರ ಕೇಳುತ್ತಾರೆ: ಬಿಸ್ಮಾರ್ಕ್‌ನಂಥ ಗಟ್ಟಿ ಮನುಷ್ಯ ಒಬ್ಬ ಇದ್ದರೆ ಸಾಕಲ್ವಾ?

ಸಾಕಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ದಿನವನ್ನೇ ನೋಡಿ. 1871ರ ಜನವರಿ 18. ಜಾಗ ಬರ್ಲಿನ್ ಅಲ್ಲ, ಪ್ಯಾರಿಸ್ ಹತ್ತಿರದ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರ. ಫ್ರಾನ್ಸ್ ಜೊತೆಗಿನ ಯುದ್ಧ ಇನ್ನೂ ಮುಗಿದಿಲ್ಲ. ಹಜಾರದ ತುಂಬ ದೊರೆಗಳು, ರಾಜಕುಮಾರರು, ಸೈನ್ಯದ ಅಧಿಕಾರಿಗಳು. ಚಕ್ರವರ್ತಿಯಾಗಲಿದ್ದ ಪ್ರಷ್ಯಾದ ರಾಜ ಒಂದನೇ ವಿಲ್‌ಹೆಲ್ಮ್‌ಗೇ ಖುಷಿ ಇರಲಿಲ್ಲ. ತನ್ನ ಬಿರುದು ಹೇಗಿರಬೇಕು ಅನ್ನುವ ವಿಷಯಕ್ಕೆ ಬಿಸ್ಮಾರ್ಕ್ ಮೇಲೆ ಸಿಟ್ಟಾಗಿದ್ದ. ಅವನ ಕೈ ಕುಲುಕದೆ ಮುಂದೆ ಹೋದ. ಇನ್ನು ದಕ್ಷಿಣದ ಬವೇರಿಯಾ ರಾಜ್ಯದ ಶಾಸನಸಭೆ ಈ ಒಕ್ಕೂಟ ಸೇರಲು ಒಪ್ಪಿ ಮತ ಹಾಕಿದ್ದು ಯಾವಾಗ ಗೊತ್ತಾ? ಜನವರಿ 21ಕ್ಕೆ, 102ಕ್ಕೆ 48 ಮತಗಳಿಂದ. ಘೋಷಣೆ ಮೊದಲು ಆಯಿತು, ಒಪ್ಪಿಗೆ ಮೂರು ದಿನ ಬಿಟ್ಟು ಬಂತು. ಇಷ್ಟು ವರ್ಷ ಪಾಠ ಮಾಡಿದರೂ ಈ ಮೂರು ದಿನ ನನ್ನ ತಲೆಯಿಂದ ಹೋಗಿಲ್ಲ.

ಹೀಗೆ ಹುಟ್ಟಿದ ದೇಶದಲ್ಲಿ 25 ರಾಜ್ಯಗಳಿದ್ದವು. ಫ್ರಾನ್ಸ್‌ನಿಂದ ಕಿತ್ತುಕೊಂಡ ಅಲ್ಸೇಸ್-ಲೊರೇನ್ ಬೇರೆ. ಅರ್ಧಕ್ಕಿಂತ ಜಾಸ್ತಿ ನೆಲ, ಜನ ಎರಡೂ ಪ್ರಷ್ಯಾ ಒಂದರದ್ದೇ. ಬವೇರಿಯಾ ತನ್ನ ಅಂಚೆ, ತನ್ನ ರೈಲು, ತನ್ನ ಬಿಯರ್ ತೆರಿಗೆ ಉಳಿಸಿಕೊಂಡಿತು. ಶಾಂತಿಯ ಕಾಲದಲ್ಲಿ ಅದರ ಸೈನ್ಯಕ್ಕೂ ಅದರ ರಾಜನೇ ಒಡೆಯ. ಹ್ಯಾಂಬರ್ಗ್ ಬಂದರು 1888ರವರೆಗೂ ದೇಶದ ಸುಂಕದ ಗಡಿಯ ಹೊರಗೇ ಇತ್ತು. ಪೂರ್ವದಲ್ಲಿ ಪೋಲಿಷ್ ಮಾತಾಡುವವರು, ಉತ್ತರದಲ್ಲಿ ಡೇನಿಷ್ ಮಾತಾಡುವವರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಕ್ಯಾಥೊಲಿಕರು. ಆಳುವ ಪ್ರಷ್ಯಾ ಮಾತ್ರ ಪ್ರಾಟೆಸ್ಟಂಟರ ನಾಡು.

ಇಷ್ಟು ಬಗೆಯ ಜನರನ್ನು ಒಂದು ಮಾಡಲು ಬಿಸ್ಮಾರ್ಕ್ ಹಿಡಿದ ದಾರಿ ನನಗೆ ಇಂದಿಗೂ ಸಂಕಟ ತರುತ್ತದೆ. ಹೊರಗಿನ ಶತ್ರು ಸೋತಮೇಲೆ ಅವನು ಒಳಗೇ ಶತ್ರುಗಳನ್ನು ಹುಡುಕಿದ. 'ಸಾಮ್ರಾಜ್ಯದ ಶತ್ರುಗಳು' ಅನ್ನುವ ಹಣೆಪಟ್ಟಿಯೇ ಆಗ ಚಾಲ್ತಿಗೆ ಬಂತು. ಮೊದಲು ಅದು ಅಂಟಿದ್ದು ಕ್ಯಾಥೊಲಿಕರಿಗೆ. 1872ರಲ್ಲಿ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳನ್ನು ನಿಷೇಧಿಸಿದರು. 1873ರ ಕಾನೂನುಗಳಿಂದ ಪಾದ್ರಿಗಳ ಓದು, ನೇಮಕ ಎರಡರಲ್ಲೂ ಸರ್ಕಾರದ ಕೈ ಬಂತು. ಒಪ್ಪದ ಬಿಷಪ್‌ಗಳು ಜೈಲಿಗೆ ಹೋದರು, ಇಲ್ಲವೇ ದೇಶ ಬಿಟ್ಟರು. ಪಾದ್ರಿಯೇ ಇಲ್ಲದ ಚರ್ಚ್‌ಗಳು ಸಾವಿರ ದಾಟಿದವು.

ಕಲೋನ್ ಊರಿನ ದೊಡ್ಡ ಚರ್ಚ್ ಕಥೆ ಕೇಳಿ. ಅದನ್ನು ಕಟ್ಟಲು ಶುರು ಮಾಡಿದ್ದು 1248ರಲ್ಲಿ. ಕೆಲಸ ನಡುವೆ ನಿಂತು ಕೆಲವು ಶತಮಾನ ಹಾಗೇ ಉಳಿಯಿತು. 1842ರಲ್ಲಿ ಮತ್ತೆ ಕೈ ಹಚ್ಚಿದರು. ಕೊನೆಗೆ 1880ರ ಅಕ್ಟೋಬರ್‌ನಲ್ಲಿ ಮುಗಿಯಿತು. ಆಗ ಜಗತ್ತಿನಲ್ಲೇ ಅಷ್ಟು ಎತ್ತರದ ಕಟ್ಟಡ ಇನ್ನೊಂದಿರಲಿಲ್ಲ. ಜರ್ಮನ್ನರ ಒಗ್ಗಟ್ಟಿನ ಗುರುತು ಅಂತ ದೊಡ್ಡ ಹಬ್ಬವನ್ನೇ ಮಾಡಿದರು. ಪ್ರಾಟೆಸ್ಟಂಟ್ ಚಕ್ರವರ್ತಿ ಬಂದ. ಆದರೆ ಆ ಚರ್ಚಿನ ಆರ್ಚ್‌ಬಿಷಪ್ ಮೆಲ್ಖರ್ಸ್ ಅಲ್ಲಿರಲಿಲ್ಲ. ಜೈಲಿಗೆ ಹಾಕಿಸಿಕೊಂಡು, ಆಮೇಲೆ ಗಡಿ ದಾಟಿ ಹೋಗಿದ್ದರು. ಗೃಹಪ್ರವೇಶ ನಡೆಯುತ್ತಿದೆ, ಮನೆಯ ಹಿರಿಯರನ್ನೇ ಊರು ಬಿಡಿಸಿದ್ದಾರೆ. ಆ ಊರಿನ ಕ್ಯಾಥೊಲಿಕರಿಗೆ ಹೇಗನ್ನಿಸಿರಬೇಡ?

ಇದರಿಂದ ಕ್ಯಾಥೊಲಿಕರು ಕರಗಿ ಹೋದರಾ? ಇಲ್ಲ, ಇನ್ನಷ್ಟು ಒಟ್ಟಾದರು. ಅವರ ಸೆಂಟರ್ ಪಕ್ಷ 1874ರ ಚುನಾವಣೆಯಲ್ಲಿ 91 ಸೀಟು ಗೆದ್ದಿತು. ಕಾರ್ಮಿಕರ ವಿಷಯದಲ್ಲೂ ಅದೇ ಆಯಿತು. 1878ರಲ್ಲಿ ಕಾರ್ಮಿಕರ ಪರ ನಿಂತ ಸಮಾಜವಾದಿಗಳ ಸಂಘ, ಸಭೆ, ಪತ್ರಿಕೆ ಎಲ್ಲಕ್ಕೂ ನಿಷೇಧ ಬಂತು. ಅದಕ್ಕೆ ಮುಂಚೆ ಅವರಿಗೆ ಸಿಗುತ್ತಿದ್ದ ಮತ ಸುಮಾರು 5 ಲಕ್ಷ. 12 ವರ್ಷದ ನಿಷೇಧ ಮುಗಿಯುವ ಹೊತ್ತಿಗೆ ಅದು 14 ಲಕ್ಷ ದಾಟಿತ್ತು.

ಹಾಗಾದರೆ ಜನರನ್ನು ಹತ್ತಿರ ತಂದದ್ದು ಏನು? ನನ್ನ ಪ್ರಕಾರ ಪ್ರತಿಮೆ, ಭಾಷಣ, ವಿಜಯೋತ್ಸವ ಯಾವುದೂ ಅಲ್ಲ. ದಿನದಿನದ ಬಾಳಿಗೆ ಬೇಕಾದ ಸಣ್ಣ ವಿಷಯಗಳು. ಉತ್ತರದಲ್ಲಿ ಥಾಲರ್, ದಕ್ಷಿಣದಲ್ಲಿ ಗುಲ್ಡನ್ ಅಂತಿದ್ದ ನಾಣ್ಯ ಹೋಗಿ 1876ರಿಂದ ಎಲ್ಲರ ಜೇಬಿಗೂ ಒಂದೇ ಮಾರ್ಕ್ ಬಂತು. 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ಬಂತು. ಅದನ್ನು ಕೊಟ್ಟವನೂ ಬಿಸ್ಮಾರ್ಕನೇ, ಅದನ್ನು ಒಪ್ಪಲೇಬೇಕು. ಮುಂಚೆ ಬವೇರಿಯಾದ ಮ್ಯೂನಿಕ್ ಮತ್ತು ಬರ್ಲಿನ್ ಗಡಿಯಾರಗಳ ನಡುವೆ ಏಳು ನಿಮಿಷದ ವ್ಯತ್ಯಾಸ ಇತ್ತು. 1893ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಒಂದೇ ಟೈಮ್ ಆಯಿತು. ಎಲ್ಲಕ್ಕಿಂತ ಮುಖ್ಯ, ಮತ. 25 ವರ್ಷ ದಾಟಿದ ಗಂಡಸರಿಗೆಲ್ಲ ರಹಸ್ಯ ಮತದಾನ ಇತ್ತು. ಶತ್ರುಗಳು ಅನ್ನಿಸಿಕೊಂಡವರೇ ಹೋಗಿ ಮತ ಹಾಕಿದರು, ಪಾರ್ಲಿಮೆಂಟಿನಲ್ಲಿ ಕೂತರು. 1912ರಲ್ಲಿ 397 ಸೀಟುಗಳಲ್ಲಿ 110 ಸಮಾಜವಾದಿಗಳದ್ದೇ. ಇವು ಯಾವುವೂ ಯಾರನ್ನೂ ನಿನ್ನ ದೇವರು ಬಿಡು, ನಿನ್ನ ಮಾತು ಬಿಡು ಅಂತ ಕೇಳಲಿಲ್ಲ.

ಹಾಗೆ ಕೇಳಿದ ಕಡೆ ಏನಾಯಿತು ಅನ್ನುವುದಕ್ಕೆ ವ್ರೆಷೆನ್ ಎಂಬ ಸಣ್ಣ ಊರಿನ ಶಾಲೆ ಇದೆ. ಪ್ರಷ್ಯಾದ ಪೂರ್ವಕ್ಕಿದ್ದ ಪೋಸನ್ ಪ್ರಾಂತ್ಯದ ಊರು ಅದು. ಅಲ್ಲಿನವರು ಪೋಲಿಷ್ ಜನ. 1901ರಲ್ಲಿ ದೊಡ್ಡ ತರಗತಿಯ ಮಕ್ಕಳಿಗೆ ಧರ್ಮದ ಪಾಠವನ್ನೂ ಜರ್ಮನ್‌ನಲ್ಲೇ ಹೇಳಬೇಕು ಅಂತ ಆಯಿತು. ಮಕ್ಕಳು ಬಾಯಿ ಬಿಡಲಿಲ್ಲ. ಮೇ ತಿಂಗಳಲ್ಲಿ ಮೇಷ್ಟ್ರುಗಳು ಬೆತ್ತದಿಂದ ಹೊಡೆದರು. ಹೊರಗೆ ಅಪ್ಪ ಅಮ್ಮಂದಿರು ಸೇರಿ ಕೂಗಾಡಿದರು. ಅವರ ಮೇಲೆ ಕೇಸು ನಡೆದು ಹಲವರಿಗೆ ಜೈಲಾಯಿತು.

ಆ ಮಕ್ಕಳಿಗೆ ಜರ್ಮನ್ ಬರುತ್ತಿತ್ತು. ಉಳಿದ ಪಾಠಗಳನ್ನು ಅದರಲ್ಲೇ ಕಲಿಯುತ್ತಿದ್ದರು. ಪ್ರಾರ್ಥನೆ ಮಾತ್ರ ಮನೆಮಾತಿನಲ್ಲಿರಲಿ ಅಂದರು, ಅಷ್ಟೇ. ಅವರೆಲ್ಲ ಹುಟ್ಟಿದ್ದು ವರ್ಸೇಲ್ಸ್‌ನ ಆ ದಿನ ಕಳೆದು ಹದಿನೈದು ವರ್ಷಕ್ಕೂ ಜಾಸ್ತಿ ಆದಮೇಲೆ, ಒಂದಾದ ಜರ್ಮನಿಯ ಒಳಗೇ.