ರಬ್ಬರ್ ಪಕ್ಕಕ್ಕಿಟ್ಟ ಭಾನುವಾರ

ಐದು ವರ್ಷದ ಹುಡುಗಿ. ಮನೆ ಬರೆಯುತ್ತಾಳೆ, ಅಳಿಸುತ್ತಾಳೆ. ಮತ್ತೆ ಬರೆಯುತ್ತಾಳೆ, ಮತ್ತೆ ರಬ್ಬರ್ ಹುಡುಕುತ್ತಾಳೆ. ಕೊನೆಗೆ ಹಾಳೆಯೇ ತೂತಾಗಿ ಅಳುವುದಕ್ಕೆ ಶುರುಮಾಡಿದಳು. ಭಾನುವಾರ ನಮ್ಮ ಮನೆಗೆ ಚಿತ್ರ ಬರೆಯಲು ಬರುವ ಏಳು ಮಕ್ಕಳಲ್ಲಿ ಹೆಚ್ಚಿನವರು ಹೀಗೇ. ಇಷ್ಟು ಪುಟ್ಟ ಮಕ್ಕಳಿಗೆ 'ಸರಿ ಬಂದಿಲ್ಲ' ಅನ್ನುವ ಭಯ ಯಾಕೆ ಬೇಕು ಹೇಳಿ? ನನಗೆ ತುಂಬಾ ಬೇಜಾರಾಯಿತು.

ಆಗ ನೆನಪಾದವರು ಕೆ. ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಪ್ಯಾರಿಸ್‌ನಲ್ಲೂ ಕಲಿತು ಬಂದವರು. ಅವರ ಬಣ್ಣದ ಚಿತ್ರಗಳು ಚೆಂದವೇ, ಆದರೆ ನನಗೆ ಅವರ ಗೆರೆಗಳ ಮೇಲೆ ಪ್ರೀತಿ ಜಾಸ್ತಿ. ಕುಣಿಯುವವರು, ವಾದ್ಯ ಬಾರಿಸುವವರು, ಎಲ್ಲರೂ ಕೆಲವೇ ಗೆರೆಗಳಲ್ಲಿ ಎದ್ದು ಬರುತ್ತಾರೆ. 'ಹಾಡುವ ರೇಖೆ' ಅಂತಲೇ ಅವಕ್ಕೆ ಹೆಸರು. ಲಯ ಏನೆಂದು ತಿಳಿಯಲು ಹೆಬ್ಬಾರರು ಕಥಕ್ ಕಲಿತಿದ್ದರು. ಯೋಚಿಸಿ, ಕೈಗೆ ಗೆರೆ ಒಲಿಯಲಿ ಅಂತ ಕಾಲಿನಿಂದ ಶುರುಮಾಡಿದ ಮನುಷ್ಯ!

ಮೊದಲ ವಾರ ನಾನು ತಪ್ಪು ಮಾಡಿದೆ. ಅವರ ಒಂದು ಚಿತ್ರ ತೋರಿಸಿ, ಇದನ್ನು ನೋಡಿಕೊಂಡು ಬರೆಯಿರಿ ಅಂದೆ. "ಆಂಟಿ, ನಂಗೆ ಬರಲ್ಲ" ಅಂತ ಎಲ್ಲರೂ ಕೈಕಟ್ಟಿ ಕೂತರು. ದೊಡ್ಡ ಕಲಾವಿದರ ಚಿತ್ರವನ್ನು ಮಕ್ಕಳಿಂದ ನಕಲು ಮಾಡಿಸಲೇಬಾರದು. ಆ ಕಲಾವಿದರು ಏನನ್ನು ಗಮನಿಸುತ್ತಿದ್ದರೋ ಅದನ್ನು ಮಕ್ಕಳೂ ಗಮನಿಸುವಂತೆ ಮಾಡಬೇಕು, ಅಷ್ಟೇ.

ಮುಂದಿನ ವಾರ ಅದೇ ಚಿತ್ರ ತೋರಿಸಿ ಬೇರೆ ಪ್ರಶ್ನೆ ಕೇಳಿದೆ: ಇಲ್ಲಿ ಯಾವ ಸದ್ದು ಕೇಳಿಸ್ತಿದೆ? ಒಬ್ಬ 'ಢಂ ಢಂ' ಅಂದ, ಇನ್ನೊಬ್ಬಳು ಗೆಜ್ಜೆ ಅಂದಳು. ಸರಿ, ಎಲ್ಲರನ್ನೂ ಟೆರೇಸಿಗೆ ಕರೆದುಕೊಂಡು ಹೋಗಿ, ಮೊಬೈಲಿನಲ್ಲಿ ಯಕ್ಷಗಾನದ ಚೆಂಡೆ ಹಾಕಿ, ಮೊದಲು ಸುಮ್ನೆ ಗಾಳಿಯಲ್ಲಿ ಬೆರಳಾಡಿಸಿ ಅಂದೆ, ಆಮೇಲೆ ಇಡೀ ತೋಳು ಬೀಸಿ, ಆಮೇಲೆ ಕೈಗೆ ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಬಿಟ್ಟೆ. ಚೆಂಡೆ ನಿಧಾನವಾದರೆ ಗೆರೆಯೂ ನಿಧಾನ, ಜೋರಾದರೆ ಅದೂ ಓಡಬೇಕು. ಆಮೇಲೇ ಹಾಳೆ ಮತ್ತು ಕಪ್ಪು ಸ್ಕೆಚ್ ಪೆನ್. ಪೆನ್ಸಿಲ್ ಇಲ್ಲದ ಮೇಲೆ ರಬ್ಬರ್ ಯಾಕೆ, ಅಲ್ವಾ?

ಮೊದಮೊದಲು ಬರೀ ಸುರುಳಿಗಳು. ಅದಕ್ಕೇನೂ ಹೇಳಲಿಲ್ಲ. 'ಇದೇನು ಚಿತ್ರ?' ಅಂತಲೂ ಕೇಳಲಿಲ್ಲ. ಮೂರನೇ ವಾರಕ್ಕೆ, ನಿಮ್ಮ ಮನೆಯಲ್ಲಿ ಕೇಳುವ ಒಂದು ಸದ್ದು ಬರೆಯಿರಿ ಅಂದಾಗ, ಆ ತೂತು ಹಾಳೆಯ ಹುಡುಗಿ ಅಜ್ಜಿ ರೊಟ್ಟಿ ತಟ್ಟುವುದನ್ನು ಬರೆದಳು. ಅಜ್ಜಿಗೆ ಮುಖ ಇರಲಿಲ್ಲ. ಒಂದರ ಮೇಲೊಂದು ವೃತ್ತಗಳು, ಮೇಲೆ ನಾಲ್ಕಾರು ಕೈ. "ಕೈ ಬೇಗ ಬೇಗ ಹೋಗತ್ತಲ್ಲ, ಅದಕ್ಕೇ ಜಾಸ್ತಿ" ಅಂದಳು. ನನ್ನ ಕಣ್ಣು ತುಂಬಿ ಬಂತು.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹೆಬ್ಬಾರರ ಚಿತ್ರಗಳ ಸಂಗ್ರಹವಿದೆ. ಏಳೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಪ್ರತಿ ಚಿತ್ರದ ಮುಂದೆಯೂ ಅದೇ ಪ್ರಶ್ನೆ ಕೇಳುತ್ತೇನೆ: ಯಾವ ಸದ್ದು ಕೇಳಿಸ್ತಿದೆ?