ಲೂಪ್ ಹೀರೋದಲ್ಲಿ ಹೆಣ ಎಬ್ಬಿಸುವ ಕೆಲಸ

ಲೂಪ್ ಹೀರೋ ಅನ್ನೋ ವಿಡಿಯೋ ಗೇಮ್ ಬಗ್ಗೆ ಮಾತು ಬಂದರೆ ನಾನು ಹೇಳುವುದು ಒಂದೇ: ನೆಕ್ರೋಮ್ಯಾನ್ಸರ್, ಅಂದ್ರೆ ಹೆಣ ಎಬ್ಬಿಸುವ ಮಾಂತ್ರಿಕ, ಸಿಗುವ ತನಕ ತಾಳ್ಮೆ ಇರಲಿ. ಹೀರೋ ಆಗಿ ಆರಿಸಿಕೊಳ್ಳಬಹುದಾದ ವಾರಿಯರ್, ರೋಗ್ ಇಬ್ಬರೂ ಚೆನ್ನಾಗಿಯೇ ಇದ್ದಾರೆ. ಆದರೆ ಆಟದ ನಿಜವಾದ ಮಜಾ ಈ ಮೂರನೆಯವನದ್ದು.

ಆಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ರಷ್ಯಾದ ಫೋರ್ ಕ್ವಾರ್ಟರ್ಸ್ ಅನ್ನೋ ಸಣ್ಣ ತಂಡ ಮಾಡಿದ ಆಟ ಇದು. 2021ರ ಮಾರ್ಚ್‌ನಲ್ಲಿ ಡೆವಾಲ್ವರ್ ಡಿಜಿಟಲ್ ಎಂಬ ಪ್ರಕಾಶಕರ ಮೂಲಕ ಬಂತು. ಲಿಚ್ ಎಂಬ ಸತ್ತೂ ಸಾಯದ ಮಾಂತ್ರಿಕ ಇಡೀ ಜಗತ್ತನ್ನೇ ಅಳಿಸಿ ಹಾಕಿದ್ದಾನೆ, ಉಳಿದಿರುವುದು ಸುತ್ತು ಹೊಡೆಯುವ ಒಂದು ದಾರಿ ಮಾತ್ರ. ಹೀರೋ ತಾನೇ ನಡೆಯುತ್ತಾನೆ, ತಾನೇ ಹೊಡೆದಾಡುತ್ತಾನೆ. ನಮ್ಮ ಕೆಲಸ ಕಾರ್ಡ್ ಇಟ್ಟು ಸುತ್ತಲಿನ ಜಗತ್ತನ್ನು ಮತ್ತೆ ಕಟ್ಟುವುದು, ಸಿಕ್ಕಿದ ಆಯುಧ ತೊಡಿಸುವುದು. ಸ್ಮಶಾನ ಇಟ್ಟರೆ ಅಸ್ಥಿಪಂಜರಗಳು ಬರುತ್ತವೆ, ತೋಪು ಇಟ್ಟರೆ ತೋಳದಂಥ ಇಲಿಗಳು. ಶತ್ರುಗಳನ್ನು ನಾವೇ ಕರೆಸಿಕೊಳ್ಳಬೇಕು, ಯಾಕಂದ್ರೆ ಆಯುಧ, ಕಾರ್ಡ್ ಎಲ್ಲ ಸಿಗುವುದು ಅವರಿಂದಲೇ.

ಸುತ್ತು ಮುಗಿಸಿ ಹಿಂತಿರುಗುವ ಶಿಬಿರದಲ್ಲಿ ಕ್ರಿಪ್ಟ್ ಎಂಬ ಸಮಾಧಿ ಕಟ್ಟಡ ಕಟ್ಟಿದರೆ ನೆಕ್ರೋಮ್ಯಾನ್ಸರ್ ಬರುತ್ತಾನೆ. ಇವನು ಕತ್ತಿ ಹಿಡಿಯುವವನಲ್ಲ. ಹಿಂದೆ ನಿಂತು ಒಂದೊಂದೇ ಅಸ್ಥಿಪಂಜರ ಎಬ್ಬಿಸುತ್ತಾನೆ, ಹೊಡೆಯುವುದೂ ಪೆಟ್ಟು ತಿನ್ನುವುದೂ ಹೆಚ್ಚಾಗಿ ಅವೇ. ಹಾಗಾಗಿ ಲೆಕ್ಕವೆಲ್ಲ ಬದಲಾಗುತ್ತದೆ. ಬೇರೆಯವರಿಗೆ ದಾಳಿಯ ವೇಗ ಅಂದ್ರೆ ಬೇಗ ಬೇಗ ಹೊಡೆಯುವುದು, ಇವನಿಗೆ ಬೇಗ ಬೇಗ ಹೆಣ ಎಬ್ಬಿಸುವುದು. ಆದ್ದರಿಂದ ದಾಳಿಯ ವೇಗ ಹೆಚ್ಚಿಸುವ ಕಾಡಿನ ಕಾರ್ಡ್ ಇವನ ಪಾಲಿಗೆ ಚಿನ್ನ. ಕಾಡಿನ ಪಕ್ಕದಲ್ಲಿ ನದಿ ಹರಿಸಿದರೆ ಅದರ ಲಾಭ ಎರಡು ಪಟ್ಟಾಗುತ್ತದೆ, ಹೀಗಾಗಿ ನದಿಯನ್ನು ಹಾವಿನ ಹಾಗೆ ಸುತ್ತಿಸಿ ಎರಡೂ ಕಡೆ ಕಾಡು ತುಂಬಿಸುವುದೇ ಒಂದು ಚಟ ಆಗಿಬಿಡುತ್ತದೆ. ಜೊತೆಗೆ ಒಮ್ಮೆಗೆ ಎಷ್ಟು ಅಸ್ಥಿಪಂಜರ ನಿಲ್ಲಬಹುದು, ಅವುಗಳ ಮಟ್ಟ ಎಷ್ಟು, ಗುಣ ಎಂಥದ್ದು ಅಂತ ಬೇರೆ ಬೇರೆ ಅಂಕಿಗಳಿವೆ. ಇವೆಲ್ಲ ಹೀರೋಗೆ ತೊಡಿಸುವ ಒಂದೇ ಉಂಗುರದಲ್ಲಿ ಸಿಗಲ್ಲ. ಜಾಸ್ತಿ ಜನ ಬೇಕೋ, ಗಟ್ಟಿ ಜನ ಬೇಕೋ? ನನ್ನ ಓಟು ಜಾಸ್ತಿ ಜನಕ್ಕೆ.

ಇನ್ನು ಶಿಬಿರ ಕಟ್ಟಲು ಬೇಕಾದ ಸಂಪನ್ಮೂಲದ ವಿಷಯ. ಕಟ್ಟಿಗೆ, ಕಲ್ಲು, ಆಹಾರ, ಏನೇನೋ ಗೋಳಗಳು. ದಾರಿಯ ಶಿಬಿರಾಗ್ನಿಯ ಹತ್ತಿರ ಬಂದಾಗ ಸುತ್ತಾಟ ಬಿಟ್ಟು ಶಿಬಿರಕ್ಕೆ ಹೊರಟರೆ ಕೂಡಿಸಿದ್ದರಲ್ಲಿ 100% ಕೈಗೆ ಬರುತ್ತದೆ. ನಡುದಾರಿಯಲ್ಲಿ ಓಡಿದರೆ 60%. ಸತ್ತರೆ 30%. ತೊಟ್ಟಿದ್ದ ಆಯುಧ ಮಾತ್ರ ಹೇಗೂ ಹೋಯಿತು. ಇಷ್ಟು ಸರಳ ನಿಯಮ, ಆದರೆ ಇಡೀ ಆಟ ಇದರ ಮೇಲೆಯೇ ನಿಂತಿದೆ. ಪ್ರತಿ ಸುತ್ತಿಗೂ ಶತ್ರುಗಳು ಬಲಿಯುತ್ತಾರೆ, ಕಾರ್ಡ್ ಇಟ್ಟಷ್ಟೂ ಬಾಸ್, ಅಂದ್ರೆ ದೊಡ್ಡ ಶತ್ರು, ಹತ್ತಿರ ಬರುತ್ತಾನೆ, ಬೇಗ ಇಟ್ಟರೆ ಆಯುಧ ಸಾಲದು, ನಿಧಾನ ಮಾಡಿದರೆ ಸುತ್ತೇ ಭಾರವಾಗುತ್ತದೆ. "ಇನ್ನೊಂದೇ ಸುತ್ತು" ಅನ್ನೋ ಆಸೆ ಎಲ್ಲಿಗೆ ಒಯ್ಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ನನಗೆ ಬಹಳ ಇಷ್ಟವಾದ ಕುತಂತ್ರ ಹಳ್ಳಿಯದ್ದು. ಹಳ್ಳಿಯ ಪಕ್ಕದಲ್ಲಿ ರಕ್ತಪಿಶಾಚಿಯ ಬಂಗಲೆ ಇಟ್ಟರೆ ಹಳ್ಳಿ ಹಾಳಾಗಿ ಅಲ್ಲಿ ಪಿಶಾಚಿಗಳು ಸೇರಿಕೊಳ್ಳುತ್ತವೆ. ಮೂರು ಸುತ್ತು ತಡೆದುಕೊಂಡರೆ ಅದೇ ಜಾಗ ಮೊದಲಿಗಿಂತ ಒಳ್ಳೆಯ ಹಳ್ಳಿ ಆಗುತ್ತದೆ, ಆರೋಗ್ಯವೂ ಜಾಸ್ತಿ ಕೊಡುತ್ತದೆ. ಇದನ್ನೆಲ್ಲ ಆಟ ಬಾಯಿಬಿಟ್ಟು ಹೇಳುವುದಿಲ್ಲ, ಇಟ್ಟು ನೋಡಿಯೇ ಕಲಿಯಬೇಕು.

ತಕರಾರೂ ಇದೆ. ಮುಂದೆ ಮುಂದೆ ಕಟ್ಟಡಗಳು ಕೇಳುವ ಸಾಮಾನು ವಿಪರೀತ, ಸುಮ್ನೆ ಸುತ್ತು ಹೊಡೆಸುತ್ತಾರೆ. ತಾನೇ ಆಡುವ ಆಟ ಅಂತ ಹೆಸರು, ಆದರೆ ಹೊಸ ಆಯುಧ ಬಂದಾಗಲೆಲ್ಲ ಹಳೆಯದಕ್ಕೆ ಹೋಲಿಸುತ್ತಾ ಕೂರಬೇಕು. ಪುಣ್ಯಕ್ಕೆ ಆಟವನ್ನು ನಿಲ್ಲಿಸಿಕೊಂಡು ಯೋಚಿಸಬಹುದು. 2024ರಿಂದ ಮೊಬೈಲ್‌ನಲ್ಲೂ ಇದೆ, ಕೈ ಚುರುಕು ಬೇಕಿಲ್ಲದ ಆಟವಾದ್ದರಿಂದ ಫೋನಿನಲ್ಲೂ ಆಡಬಹುದು. ಕ್ರಿಪ್ಟ್ ಕಟ್ಟಲು ಅವಕಾಶ ಸಿಕ್ಕ ಕೂಡಲೇ ಉಳಿದದ್ದೆಲ್ಲ ಬಿಟ್ಟು ಅದನ್ನೇ ಕಟ್ಟಿ.