ಐಮರದ ಮೇಲಿಟ್ಟ ಚಳಿಗಾಲದ ಏಲ್

ಅರೇಬಿಕಾ ಕಾಫಿಯ ಕೊಯ್ಲು ಅರ್ಧಕ್ಕೆ ಬಂದಿರುವ ಡಿಸೆಂಬರ್ ದಿನಗಳಲ್ಲಿ ಕೊಡಗಿನ ನಮ್ಮ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಹಗಲೆಲ್ಲ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಸದ್ದು. ಸಂಜೆಯಾದರೆ ಕಣದಲ್ಲಿ ಹರಡಿದ ಕಾಫಿಯನ್ನು ಇಬ್ಬನಿಗೆ ಸಿಕ್ಕದಂತೆ ರಾಶಿ ಮಾಡಿ ಟಾರ್ಪಾಲು ಹೊದಿಸುವ ಕೆಲಸ. ಅದೆಲ್ಲ ಮುಗಿಸಿ, ಕೈಕಾಲು ತೊಳೆದು ಕೈಯಾಲೆಗೆ, ಎಂದರೆ ಮನೆಮುಂದಿನ ಜಗಲಿಗೆ, ಬಂದು ಕುಳಿತುಕೊಳ್ಳುವಾಗ ಎಂಟು ಗಂಟೆ ದಾಟಿರುತ್ತದೆ. ಅಷ್ಟರಲ್ಲಿ ಕೆಳಗಿನ ಗದ್ದೆಗಳಿಂದ ಏರಿ ಬಂದ ಚಳಿಗೆ ಕಂಬಗಳ ನಡುವಿನ ಐಮರದ ಹಲಗೆ ಕಲ್ಲಿನಂತೆ ತಣ್ಣಗಾಗಿರುತ್ತದೆ. ಎರಡು ವರ್ಷಗಳ ಹಿಂದೆ ಇಂಥದೇ ಒಂದು ರಾತ್ರಿ, ಬೆಲ್ಜಿಯಂನಲ್ಲಿ ಕೆಲಸದಲ್ಲಿರುವ ನನ್ನ ಭಾವ ರಜೆಗೆ ಬರುವಾಗ ತಂದಿದ್ದ ಕ್ರಿಸ್‌ಮಸ್ ಏಲ್‌ನ ಒಂದು ಬಾಟಲಿಯನ್ನು ಅವರು, ನಾನು ಮತ್ತು ನನ್ನ ಚಿಕ್ಕಪ್ಪ ಹಂಚಿಕೊಂಡು ಕುಡಿದೆವು. ಚಳಿಗಾಲಕ್ಕೆಂದೇ ತಯಾರಾಗುವ ಬಿಯರುಗಳ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಅಂದಿನಿಂದ.

ಅದು 750 ಮಿಲಿಲೀಟರಿನ, ಕಾರ್ಕು ಹಾಕಿದ ದಪ್ಪ ಗಾಜಿನ ಬಾಟಲಿ. ಮದ್ಯಾಂಶ ಶೇಕಡಾ 10. ಬಿಯರ್ ಎಂದರೆ ಮೈ ನಡುಗುವಷ್ಟು ತಣ್ಣಗಿರಬೇಕು ಎಂಬ ರೂಢಿಯಂತೆ ನಾನು ಅದನ್ನು ಬೆಳಗಿನಿಂದಲೇ ಫ್ರಿಜ್ಜಿನಲ್ಲಿಟ್ಟಿದ್ದೆ. ಮೊದಲ ಗುಟುಕಿನಲ್ಲಿ ತಂಪು ಮತ್ತು ಮದ್ಯದ ಚುರುಕು ಬಿಟ್ಟು ಬೇರೇನೂ ನಾಲಗೆಗೆ ಸಿಗಲಿಲ್ಲ. ಅಷ್ಟರಲ್ಲಿ ಊಟಕ್ಕೆ ಕರೆ ಬಂದುದರಿಂದ ಗ್ಲಾಸುಗಳನ್ನು ಐಮರದ ಮೇಲೆಯೇ ಬಿಟ್ಟು ಒಳಗೆ ಹೋದೆವು. ಮುಕ್ಕಾಲು ಗಂಟೆಯ ನಂತರ ಬಂದು ಮತ್ತೆ ಕೈಗೆತ್ತಿಕೊಂಡಾಗ ಗ್ಲಾಸಿನಲ್ಲಿದ್ದುದು ಬೇರೆಯೇ ಪಾನೀಯವಾಗಿತ್ತು: ಒಣದ್ರಾಕ್ಷಿಯ ವಾಸನೆ, ಹದ ಮೀರುವ ಹಂತಕ್ಕೆ ಬಂದ ಬೆಲ್ಲದ ಪಾಕದ ಕಂಪು, ಅದರ ಹಿಂದೆ ಸ್ಪಷ್ಟವಾದ ಲವಂಗ. ‘ಲವಂಗ ಹಾಕಿದ್ದಾರಲ್ಲ ಇದಕ್ಕೆ’ ಎಂದರು ಚಿಕ್ಕಪ್ಪ. ಭಾವ ಬಾಟಲಿಯ ಚೀಟಿಯನ್ನು ದೀಪದ ಬೆಳಕಿಗೆ ಹಿಡಿದು ಓದಿದರು: ನೀರು, ಬಾರ್ಲಿ ಮಾಲ್ಟ್, ಸಕ್ಕರೆ, ಹಾಪ್ಸ್ (ಬಿಯರಿಗೆ ಕಹಿ ಮತ್ತು ಕಂಪು ಕೊಡುವ ಬಳ್ಳಿಯ ಹೂ), ಯೀಸ್ಟ್. ಲವಂಗದ ಹೆಸರಿರಲಿಲ್ಲ.

ಆ ಲವಂಗ ಯೀಸ್ಟಿನ ಕೆಲಸವೆಂದು ಆಮೇಲೆ ತಿಳಿಯಿತು. ಬೆಲ್ಜಿಯಂನ ಅನೇಕ ಏಲ್ ಯೀಸ್ಟುಗಳು ಹುದುಗುವಾಗ ಲವಂಗವನ್ನು ಹೋಲುವ ಒಂದು ಬಗೆಯ ಫೀನಾಲನ್ನೂ, ಹಣ್ಣಿನ ಕಂಪು ಕೊಡುವ ಎಸ್ಟರುಗಳನ್ನೂ ತಾವೇ ಬಿಡುಗಡೆ ಮಾಡುತ್ತವೆ. ಏಲ್‌ಗೂ ನಮ್ಮ ಅಂಗಡಿಗಳಲ್ಲಿ ಮಾರಾಟವಾಗುವ ಲಾಗರಿಗೂ ಇರುವ ಮೂಲ ವ್ಯತ್ಯಾಸವೂ ಯೀಸ್ಟಿನದೇ. ಏಲ್ ಯೀಸ್ಟು ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚುರುಕಾಗಿ ಹುದುಗಿ ಕಂಪು ಕೊಡುತ್ತದೆ. ಲಾಗರ್ ಯೀಸ್ಟು 8ರಿಂದ 12 ಡಿಗ್ರಿಯ ಚಳಿಯಲ್ಲಿ ನಿಧಾನವಾಗಿ ಹುದುಗಿ ರುಚಿಯನ್ನು ಶುಭ್ರವಾಗಿ ಬಿಡುತ್ತದೆ. ಕಾಫಿ ಬೆಳೆಯುವವರಿಗೆ ಇದು ಹೊಸ ಪಾಠವಲ್ಲ. ಪಲ್ಪ್ ಮಾಡಿದ ಅರೇಬಿಕಾವನ್ನು ತೊಟ್ಟಿಯಲ್ಲಿ ಹುದುಗಲು ಬಿಟ್ಟರೆ ಅಂಟು ಕಳಚಲು ಸಾಮಾನ್ಯವಾಗಿ 24ರಿಂದ 36 ಗಂಟೆ ಸಾಕಾಗುತ್ತದೆ, ಆದರೆ ಚಳಿ ಹೆಚ್ಚಿದ ರಾತ್ರಿಗಳಲ್ಲಿ ಇನ್ನಷ್ಟು ಹೊತ್ತು ಕಾಯಬೇಕಾಗುತ್ತದೆ. ಬೇಳೆಯನ್ನು ಅಂಗೈಯಲ್ಲಿ ಉಜ್ಜಿ, ಅದು ಜಾರದೆ ಬೆಣಚುಕಲ್ಲಿನಂತೆ ಗರಗರ ಎಂದರೆ ಮಾತ್ರ ತೊಳೆಯಲು ತೆಗೆಯುವ ಅಭ್ಯಾಸವಿರುವ ನಮಗೆ, ಹುದುಗು ಗಡಿಯಾರ ನೋಡಿ ನಡೆಯುವುದಿಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಬೆಲ್ಲ ಮತ್ತು ಒಣದ್ರಾಕ್ಷಿಯ ಮಾತು. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಾಲ್ಟ್ ಮಾಡುವಂತೆಯೇ ಬಿಯರಿಗೆ ಬಾರ್ಲಿಯನ್ನು ಮಾಲ್ಟ್ ಮಾಡುತ್ತಾರೆ. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟಿಕೊಳ್ಳುತ್ತವೆ, ಬಿಸಿನೀರಿನಲ್ಲಿ ನೆನೆದಾಗ ಸಿಹಿಯಾದ ರಸ ಸಿಗುತ್ತದೆ, ಯೀಸ್ಟು ಆ ರಸದ ಸಕ್ಕರೆಯನ್ನು ತಿಂದು ಮದ್ಯವನ್ನಾಗಿಸುತ್ತದೆ. ಚಳಿಗಾಲದ ಏಲ್ ತಯಾರಿಸುವವರು ಈ ಮಾಲ್ಟನ್ನು ಧಾರಾಳವಾಗಿ ಬಳಸುತ್ತಾರೆ. ಹಸಿ ಮಾಲ್ಟನ್ನೇ ಬಿಸಿಮಾಡಿ ಕಾಳಿನೊಳಗೇ ಸಕ್ಕರೆ ಪಾಕವಾಗುವಂತೆ ಹುರಿದ ಕ್ರಿಸ್ಟಲ್ ಮಾಲ್ಟ್ ಒಣದ್ರಾಕ್ಷಿ ಮತ್ತು ಕ್ಯಾರಮೆಲ್ ರುಚಿಯನ್ನು ಕೊಡುತ್ತದೆ. ಇನ್ನೂ ಗಾಢವಾಗಿ ಹುರಿದ ಚಾಕೊಲೇಟ್ ಮಾಲ್ಟಿನಲ್ಲಿ ಕಾಫಿಯ ಛಾಯೆಯಿರುತ್ತದೆ. ಹೀಗೆ ಸಕ್ಕರೆ ಹೆಚ್ಚಿದಷ್ಟೂ ಮದ್ಯಾಂಶ ಏರುತ್ತದೆ, ಮತ್ತು ಈ ಬಗೆಯ ಏಲ್‌ಗಳು ಬಹುಮಟ್ಟಿಗೆ ಶೇಕಡಾ 6ರಿಂದ 10ರ ನಡುವೆ ನಿಲ್ಲುತ್ತವೆ. ಅದಕ್ಕಾಗಿಯೇ ಇವನ್ನು ಬಾಯಾರಿಕೆಗೆ ಕುಡಿಯಬಾರದು. ಒಂದು ಗ್ಲಾಸಿಗೆ ಒಂದು ಗಂಟೆ ಕೊಡಬೇಕು.

ಯುರೋಪಿನ ಉತ್ತರ ಭಾಗದಲ್ಲಿ ಈ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕೆ ನಾರ್ವೆಯ ಪಶ್ಚಿಮ ಪ್ರಾಂತ್ಯದ ಗುಲಾಟಿಂಗ್ ಕಾನೂನು ಸಾಕ್ಷಿ. ಮಧ್ಯಯುಗದ ಆ ಕಾನೂನಿನ ಪ್ರಕಾರ ಕ್ರಿಸ್‌ಮಸ್‌ಗೆ ಏಲ್ ತಯಾರಿಸುವುದು ಗೃಹಸ್ಥನ ಕರ್ತವ್ಯವಾಗಿತ್ತು, ತಪ್ಪಿದವನು ದಂಡ ತೆರಬೇಕಿತ್ತು. ಆ ಏಲನ್ನು ಒಳ್ಳೆಯ ಬೆಳೆ ಮತ್ತು ಶಾಂತಿಗಾಗಿ ಕ್ರಿಸ್ತನಿಗೂ ಮೇರಿಗೂ ಅರ್ಪಿಸಿ ಕುಡಿಯಬೇಕಿತ್ತು. ಇದನ್ನು ಮೊದಲ ಬಾರಿ ಓದಿದಾಗ ನನಗೆ ನಮ್ಮ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪ ಕಣ್ಣಮುಂದೆ ಬಂತು. ಕುಲದ ಪೂರ್ವಜರಾದ ಗುರುಕಾರೋಣರಿಗೆ ಮೀದಿ, ಎಂದರೆ ಎಡೆ, ಇಡುವಾಗ ಅನ್ನ, ಮಾಂಸಗಳ ಜೊತೆ ಮದ್ಯವನ್ನೂ ಇಟ್ಟು, ಮನೆಯ ಹಿರಿಯರು ಕುಲದ ಒಳಿತಿಗಾಗಿ ಬೇಡಿಕೊಳ್ಳುವ ಮಾತು ಬೇರೆ ಭಾಷೆಯದಾದರೂ ಅದರ ಆಶಯ ಬೇರೆಯಲ್ಲ. ಅಲ್ಲಿ ಮದ್ಯ ಮೋಜಿನ ವಸ್ತುವಲ್ಲ. ಬೆಳೆ ಕೈಗೆ ಬಂದುದಕ್ಕೆ ಸಲ್ಲಿಸುವ ಕೃತಜ್ಞತೆಯ ಒಂದು ಭಾಗ. ಇಂಗ್ಲೆಂಡಿನಲ್ಲಿಯೂ ಕ್ರಿಸ್‌ಮಸ್ ಸಮಯದಲ್ಲಿ ಬಿಸಿ ಏಲ್‌ಗೆ ಸಕ್ಕರೆ, ಜಾಯಿಕಾಯಿ ಮತ್ತು ಸುಟ್ಟ ಸೇಬು ಬೆರೆಸಿ ಹಂಚುವ ರೂಢಿಯಿತ್ತು. ಇಂದು ಚಳಿಗಾಲದ ಏಲ್‌ಗಳಿಗೆ ಸಾಂಬಾರ ಪದಾರ್ಥ ಸೇರಿಸುವವರು ಒಂದು ರೀತಿಯಲ್ಲಿ ಆ ರೂಢಿಯನ್ನೇ ಮುಂದುವರಿಸುತ್ತಿದ್ದಾರೆ.

ಸಣ್ಣ ಬ್ರೂವರಿಗಳ ಕಾಲದಲ್ಲಿ ಈ ಪದ್ಧತಿಗೆ ಮರುಜೀವ ಕೊಟ್ಟವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆ್ಯಂಕರ್ ಬ್ರೂವಿಂಗ್ ಮುಖ್ಯವಾದುದು. 1975ರಿಂದ ಅವರು ಪ್ರತಿ ವರ್ಷ ಒಂದು ಕ್ರಿಸ್‌ಮಸ್ ಏಲ್ ಹೊರತರುತ್ತಿದ್ದರು. ವರ್ಷದಿಂದ ವರ್ಷಕ್ಕೆ ಪಾಕ ಬದಲಾಗುತ್ತಿತ್ತು, ಚೀಟಿಯ ಮೇಲಿನ ಮರದ ಚಿತ್ರವೂ ಬದಲಾಗುತ್ತಿತ್ತು, ಒಳಗೆ ಏನೇನು ಹಾಕಿದ್ದಾರೆಂಬುದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. 2023ರಲ್ಲಿ ಆ ಬ್ರೂವರಿ ಬಾಗಿಲು ಮುಚ್ಚಿದ ಸುದ್ದಿ ಓದಿ, ಅದರ ಒಂದು ಗ್ಲಾಸನ್ನೂ ಕುಡಿಯದ ನನಗೆ ಸಹ ಬೇಸರವಾಯಿತು. ಕ್ಯಾಲಿಫೋರ್ನಿಯಾದ್ದೇ ಆದ ಸಿಯೆರಾ ನೆವಾಡಾ ಬ್ರೂವರಿ 1981ರಿಂದ ತಯಾರಿಸುತ್ತಿರುವ ಸೆಲೆಬ್ರೇಷನ್ ಏಲ್‌ನ ದಾರಿ ಬೇರೆ. ಅದಕ್ಕೆ ಯಾವ ಸಾಂಬಾರವನ್ನೂ ಸೇರಿಸುವುದಿಲ್ಲ. ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಕೊಯ್ದ ಆ ವರ್ಷದ ಮೊದಲ ಹಾಪ್ಸ್ ಒಣಗಿದ ಕೂಡಲೇ ಬಿಯರಿಗೆ ಬೀಳಬೇಕು ಎಂಬುದಷ್ಟೇ ಅದರ ನಿಯಮ. ನನ್ನ ಮಟ್ಟಿಗೆ ಅದು ಹುತ್ತರಿಯ, ಎಂದರೆ ನಮ್ಮ ಸುಗ್ಗಿಹಬ್ಬದ, ಬಿಯರ್. ರೋಹಿಣಿ ನಕ್ಷತ್ರದ ಆ ಬೆಳದಿಂಗಳ ರಾತ್ರಿ, ಗುಂಡು ಹಾರಿದ ಮೇಲೆ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಗದ್ದೆಯಿಂದ ತಂದ ಕದಿರಿನ ಹೊಸ ಅಕ್ಕಿಗೆ ಇರುವ ಬೆಲೆ ಕಣಜದಲ್ಲಿ ತುಂಬಿಟ್ಟ ಹಳೆಯ ಅಕ್ಕಿಗೆ ಇರುವುದಿಲ್ಲ. ಹೊಸತನವೇ ಅದರ ರುಚಿ.

ಇದಕ್ಕೆ ತೀರ ವಿರುದ್ಧವಾದುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿ, ಈಗ ಆಸ್ಟ್ರಿಯಾದಲ್ಲಿ ತಯಾರಾಗುವ ಸಾಮಿಕ್ಲೌಸ್. ಏಲ್ ಅಲ್ಲ, ಲಾಗರ್ ಜಾತಿಯದು. ಆದರೂ ಈ ಮಾತಿನಲ್ಲಿ ಅದನ್ನು ಬಿಡಲಾಗದು. ಸಂತ ನಿಕೋಲಸನ ಹಬ್ಬವಾದ ಡಿಸೆಂಬರ್ 6ರಂದು, ವರ್ಷಕ್ಕೆ ಒಂದೇ ಬಾರಿ ಕುದಿಸಿ, ತಿಂಗಳುಗಟ್ಟಲೆ ಹಣ್ಣಾಗಲು ಬಿಡುವ ಅದರ ಮದ್ಯಾಂಶ ಶೇಕಡಾ 14. ಹಾಪ್ಸ್ ಮುಂದಾದ ಏಲನ್ನು ತಂದ ತಿಂಗಳಲ್ಲೇ ಕುಡಿಯಬೇಕು, ಮಾಲ್ಟ್ ಮುಂದಾದ ಗಟ್ಟಿ ಬಿಯರನ್ನು ಕತ್ತಲೆಯ ತಂಪು ಕೋಣೆಯಲ್ಲಿ ವರ್ಷಗಟ್ಟಲೆ ಇಡಬಹುದು. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಬಾಟಲಿಗಳನ್ನು ಕಪಾಟಿನಲ್ಲಿ ಕೆಡಿಸಿದವರನ್ನು ನಾನು ಬಲ್ಲೆ.

ಬೆಂಗಳೂರಿಗೆ ಸಣ್ಣ ಬ್ರೂವರಿಗಳು ಬಂದದ್ದು 2010ರ ಸುಮಾರಿಗೆ. ಇಂದಿರಾನಗರದ ಟೊಯ್ಟ್ ಆ ವರ್ಷವೇ ತೆರೆಯಿತು, ಎರಡು ವರ್ಷಗಳ ನಂತರ ಆರ್ಬರ್ ಬಂತು, ಆಮೇಲೆ ಬಂದವುಗಳ ಲೆಕ್ಕವಿಟ್ಟವರಿಲ್ಲ. ಡಿಸೆಂಬರಿನಲ್ಲಿ ಕೆಲಸದ ಮೇಲೆ ನಗರಕ್ಕೆ ಹೋದಾಗಲೆಲ್ಲ ಚಳಿಗಾಲದ ಏಲ್ ಇದೆಯೇ ಎಂದು ವಿಚಾರಿಸುವುದು ನನ್ನ ರೂಢಿಯಾಗಿದೆ. ಕೆಲವು ಕಡೆ ನಿಜಕ್ಕೂ ಸಂತೋಷಪಟ್ಟಿದ್ದೇನೆ. ಆದರೆ ಕಳೆದ ವರ್ಷ ಒಂದು ಕಡೆ ಕೊಟ್ಟ ಗ್ಲಾಸಿನಲ್ಲಿ ಸಾಂಬಾರದ ಹೊರತು ಬೇರೇನೂ ಇರಲಿಲ್ಲ. ಮಾಲ್ಟ್ ತೆಳುವಾಗಿತ್ತು, ಅದನ್ನು ಮುಚ್ಚಲು ಸುರಿದಂತಿದ್ದ ಚಕ್ಕೆ, ಜಾಯಿಕಾಯಿ ಮತ್ತು ಶುಂಠಿ ಗಂಟಲಲ್ಲಿ ಕಷಾಯದಂತೆ ಉಳಿದವು. ಅರ್ಧ ಗ್ಲಾಸನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಚಳಿಗಾಲದ ಏಲ್‌ನಲ್ಲಿ ಸಾಂಬಾರದ ಸ್ಥಾನ ಪಾಯಸದಲ್ಲಿ ಏಲಕ್ಕಿಗಿರುವ ಸ್ಥಾನ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಡಿಸಿದವರಿಗೆ ‘ಏಲಕ್ಕಿ ಹಾಕಿದ್ದೀರಾ?’ ಎಂದು ಕೇಳುವಂತಿರಬೇಕೇ ಹೊರತು, ಪಾಯಸ ಎಲ್ಲಿದೆ ಎಂದು ಹುಡುಕುವಂತಿರಬಾರದು.

ಹೀಗೆ ಹೇಳಲು ನನಗೆ ಇನ್ನೊಂದು ಕಾರಣವೂ ಇದೆ. ಆ ದೇಶಗಳವರು ಸಮುದ್ರ ದಾಟಿಸಿ ತರಿಸಿಕೊಳ್ಳುತ್ತಿದ್ದ ಸಾಂಬಾರಗಳಲ್ಲಿ ಎಷ್ಟೋ ನಮ್ಮ ತೋಟಗಳಲ್ಲೇ ಬೆಳೆಯುತ್ತವೆ, ಅದೂ ಇದೇ ತಿಂಗಳುಗಳಲ್ಲಿ ಕೈಗೆ ಬರುತ್ತವೆ. ಏಲಕ್ಕಿಯ ಕೊನೆಯ ಕೊಯ್ಲು ಮುಗಿಯುವ ಹೊತ್ತಿಗೆ ಕಿತ್ತಳೆ ಬಣ್ಣ ತಿರುಗುತ್ತದೆ, ಕಿತ್ತಳೆ ಮುಗಿಯುವ ಮೊದಲೇ ಕರಿಮೆಣಸು ಶುರುವಾಗುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆ ತೊಳೆಗೆ ಅಂಟಿಕೊಳ್ಳದೆ ಸಡಿಲವಾಗಿರುವುದರಿಂದ ಸುಲಿಯುವುದು ಸುಲಭ. ಹೊರಪದರದಲ್ಲಿರುವ ಎಣ್ಣೆಯ ಕಂಪು ಬೆರಳಿನಲ್ಲಿ ಸಂಜೆಯವರೆಗೂ ಉಳಿಯುತ್ತದೆ. ಬಿಯರಿಗೆ ಬೇಕಾದದ್ದು ಆ ಹೊರಪದರ ಮಾತ್ರ, ಒಳಗಿನ ಬಿಳಿಯ ಭಾಗ ಸೇರಿದರೆ ಒಗರು ಕಹಿ ಬರುತ್ತದೆ. ಗ್ರೀನಿಂಗ್ ರೋಗದಿಂದಾಗಿ ಕಿತ್ತಳೆ ತೋಟಗಳು ಕರಗಿ ಹೋದ ಮೇಲೆ ನಮ್ಮಲ್ಲಿ ಉಳಿದಿರುವುದು ಕಾಫಿಯ ನಡುವೆ ಅಲ್ಲೊಂದು ಇಲ್ಲೊಂದು ಮರ. ಜೇನಿನ ವಿಷಯವನ್ನೂ ಹೇಳಬೇಕು. ಅದು ಸಿಹಿಯಾದುದರಿಂದ ಬಿಯರನ್ನೂ ಸಿಹಿ ಮಾಡುತ್ತದೆಂದು ಹಲವರು ತಿಳಿದಿದ್ದಾರೆ, ಆದರೆ ಯೀಸ್ಟು ಅದನ್ನು ಬಹುತೇಕ ಪೂರ್ತಿ ತಿಂದುಬಿಡುವುದರಿಂದ ಕಂಪು ಉಳಿದು ರುಚಿ ಹಗುರಾಗುತ್ತದೆ. ಬೆಲ್ಜಿಯಂನವರು ಗಟ್ಟಿ ಏಲ್‌ಗೆ ಸಕ್ಕರೆ ಸೇರಿಸುವುದರ ಗುಟ್ಟೂ ಇದೇ. ಮದ್ಯಾಂಶ ಏರಬೇಕು, ಬಾಯಿಗೆ ಭಾರವಾಗಬಾರದು.

ಊಟದ ಜೊತೆಗೆ ಹೇಳುವುದಾದರೆ, ಇಂಥ ಏಲ್‌ಗೆ ನಮ್ಮ ಹಂದಿಮಾಂಸದ ಪಂದಿ ಕರಿಯಷ್ಟು ಹೊಂದುವ ಪದಾರ್ಥವನ್ನು ನಾನು ಕಂಡಿಲ್ಲ. ಮಸಾಲೆಯನ್ನು ಕಪ್ಪಾಗುವವರೆಗೆ ಹುರಿದ ವಾಸನೆ ಗಾಢ ಮಾಲ್ಟಿನ ವಾಸನೆಗೆ ಹತ್ತಿರದ ನೆಂಟ, ಕಾಚಂಪುಳಿಯ ಹುಳಿ ಏಲ್‌ನ ಸಿಹಿಯನ್ನು ಹದಕ್ಕೆ ತರುತ್ತದೆ, ಅಕ್ಕಿಯ ಉಂಡೆಯಾದ ಕಡಂಬುಟ್ಟು ಎರಡನ್ನೂ ಹಿಡಿದುಕೊಳ್ಳುತ್ತದೆ. ಖಾರ ಮಾತ್ರ ಹಿಡಿತದಲ್ಲಿರಬೇಕು, ಏಕೆಂದರೆ ಮದ್ಯಾಂಶ ಹೆಚ್ಚಿದ್ದಷ್ಟೂ ಮೆಣಸಿನ ಉರಿ ಹೆಚ್ಚುತ್ತದೆ. ಮದ್ಯ ಚಳಿಯನ್ನು ಓಡಿಸುತ್ತದೆ ಎಂಬ ನಮ್ಮ ಕಡೆಯ ನಂಬಿಕೆಯೂ ನಿಜವಲ್ಲ. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗೆನಿಸುತ್ತದೆ, ಆದರೆ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ. ಆದ್ದರಿಂದ ಶಾಲು ಹೊದ್ದುಕೊಂಡೇ ಕುಡಿಯಬೇಕು.

ಗಟ್ಟಿ ಏಲನ್ನು 10ರಿಂದ 14 ಡಿಗ್ರಿಯಲ್ಲಿ ಕುಡಿಯಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮ ಊರಿನ ಡಿಸೆಂಬರ್ ರಾತ್ರಿಯ ತಂಪು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಎರಡನೆಯ ಬಾಟಲಿಯನ್ನು ನಾನು ಫ್ರಿಜ್ಜಿನ ಹತ್ತಿರಕ್ಕೂ ಒಯ್ಯಲಿಲ್ಲ. ಸಂಜೆ ಐದಕ್ಕೆ ಒದ್ದೆ ಬಟ್ಟೆ ಸುತ್ತಿ ಐಮರದ ಮೇಲಿಟ್ಟೆ, ಒಂಬತ್ತಕ್ಕೆ ತೆರೆದೆ. ಚಿಕ್ಕಪ್ಪ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, ‘ಇವರಿಗೆ ನಮ್ಮ ಏಲಕ್ಕಿ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ’ ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸಲು ಅಬಕಾರಿ ಕಾನೂನು ಒಪ್ಪದು, ನನಗೆ ಆ ವಿದ್ಯೆಯೂ ತಿಳಿಯದು. ಬೆಂಗಳೂರಿನ ಒಂದು ಬ್ರೂವರಿಯಲ್ಲಿ ಕೆಲಸ ಮಾಡುವ ಪರಿಚಯದ ಹುಡುಗನೊಬ್ಬನಿಗೆ ಈ ವಿಷಯ ತಿಳಿಸಿದಾಗ ಅವನು, ‘ಸರ್, ಸಾಮಾನು ನೀವು ಕಳಿಸಿ, ಸಣ್ಣ ಪ್ರಮಾಣದಲ್ಲಿ ಒಂದು ಮಾಡಿ ನೋಡೋಣ’ ಎಂದ. ಈ ಬಾರಿ ಹುತ್ತರಿ ಮುಗಿದ ಮರುದಿನ, ಉಳಿದಿರುವ ಎರಡು ಮರಗಳಿಂದ ಹನ್ನೆರಡು ಕಿತ್ತಳೆ ಕೊಯ್ದು, ಹೊರಸಿಪ್ಪೆಯನ್ನು ತೆಳುವಾಗಿ ಹೆರೆದು ಅಟ್ಟದ ನೆರಳಿನಲ್ಲಿ ಒಣಗಿಸಿದ್ದೇನೆ. ಏಲಕ್ಕಿ ಎಷ್ಟು ಬೇಕೆಂದು ಫೋನಿನಲ್ಲಿ ಕೇಳಿದೆ. 20 ಲೀಟರಿಗೆ ಒಂದೆರಡು ಗ್ರಾಂ ಬೀಜ ಸಾಕು, ಅದನ್ನೂ ಕುದಿಯುವ ಕೊನೆಯ ಐದು ನಿಮಿಷದಲ್ಲಿ ಹಾಕುತ್ತೇನೆ ಎಂದ. ಅಷ್ಟು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಸಿಪ್ಪೆ ಮತ್ತು ಏಲಕ್ಕಿಯ ಪೊಟ್ಟಣಗಳು ನಾಳೆ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗುತ್ತವೆ.